ಅಳಿಯನ ಕಾರಿಗೆ ತಣ್ಣನೆಯ ಗಾಳಿ

ಹಾಸಿಗೆ ಮಾರುವವನಿಗೆ ಎಂಜಿನ್ನಿನ ಉಸಾಬರಿ ಯಾಕೆ ಎಂಬ ಪ್ರಶ್ನೆ ಮಿಲಿಮೀಟರ್ ಮೇಡಂ ಅವರನ್ನು ಬಹಳ ದಿನಗಳಿಂದ ಕಾಡುತ್ತಿತ್ತು. ಅಡುಗೆಮನೆಯಲ್ಲಿ ತೊಳೆದ ಪಾತ್ರೆ ಬೋರಲು ಹಾಕುವ ಅಲ್ಯೂಮಿನಿಯಂ ಟ್ರೇ ಕಾಣೆಯಾದ ಭಾನುವಾರ ಅದು ಬರೀ ಪ್ರಶ್ನೆಯಾಗಿ ಉಳಿಯಲಿಲ್ಲ. ಒದ್ದೆ ಲೋಟಗಳನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಕಿಟಕಿಯಿಂದ ಬಗ್ಗಿ ನೋಡಿದರು. ಎರಡು ಮಹಡಿ ಕೆಳಗೆ, ಅಂಗಳದ ಸಿಮೆಂಟಿನ ಮೇಲೆ, ಅಳಿಯ ಟ್ರೇಯನ್ನು ಮೊಣಕಾಲಡಿ ಒತ್ತಿ ಹಿಡಿದು ತಗಡಿನ ಕತ್ತರಿಯಿಂದ ಅದರ ಅಂಚನ್ನು ಕತ್ತರಿಸುತ್ತಿದ್ದ. ಕತ್ತರಿಸುತ್ತಿದ್ದ ಎಂದರೆ ದೊಡ್ಡ ಮಾತಾಯಿತು. ಹಲ್ಲಿಲ್ಲದ ದನ ಹುಲ್ಲು ಜಗಿಯುವ ಹಾಗೆ ಜಗಿಯುತ್ತಿದ್ದ.

ಮೇಡಂ ಮೂವತ್ತು ವರ್ಷ ತರಬೇತಿ ಕೇಂದ್ರವೊಂದರಲ್ಲಿ ಫಿಟ್ಟಿಂಗ್ ಮತ್ತು ತಗಡಿನ ಕೆಲಸ ಕಲಿಸಿದವರು. ಕಲಿತವರು ಇಟ್ಟ ಹೆಸರೇ ಮಿಲಿಮೀಟರ್ ಮೇಡಂ. ಅಳತೆ ಅರ್ಧ ಮಿಲಿಮೀಟರ್ ಆಚೀಚೆಯಾದರೂ ಅವರು ಬೈಯುತ್ತಿರಲಿಲ್ಲ. ಆ ತುಂಡನ್ನು ಎರಡು ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿ, ಗುಜರಿ ಡಬ್ಬಕ್ಕೆ ಹಾಕಿ, ಮುಂದಿನ ಮೇಜಿಗೆ ಹೋಗುತ್ತಿದ್ದರು. ಬೈಸಿಕೊಂಡಿದ್ದರೇ ವಾಸಿಯಿತ್ತು ಎಂದು ಎಷ್ಟೋ ಮಂದಿ ಆಮೇಲೆ ಹೇಳಿಕೊಂಡದ್ದುಂಟು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳು, ಅವಳ ಗಂಡ, ಇಬ್ಬರೂ ಇವರ ಮನೆಗೇ ಬಂದು ಇದ್ದರು. ಮಗಳು ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳ ಕೈ ನೆಟ್ಟಗಿತ್ತು. ಅಳಿಯನದು ಹಾಸಿಗೆಯಂಗಡಿ ಕೆಲಸ. ಗಿರಾಕಿ ಬಂದಾಗ ತಾನೇ ಮಲಗಿ, ಮಗ್ಗುಲು ಬದಲಿಸಿ, ಎಷ್ಟು ಮೆತ್ತಗಿದೆ ನೋಡಿ ಎನ್ನಬೇಕು. ಮಲಗಿ ಸಂಬಳ ತೆಗೆದುಕೊಳ್ಳುವವನು ಎಂದು ಮೇಡಂ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದರು. ಅವನಿಗೆ ಅವರು ಯಾವತ್ತೂ 'ನೀವು' ಎಂದೇ ಹೇಳುತ್ತಿದ್ದರು. ಅದು ಗೌರವವಲ್ಲ. ತಮಗೆ ಸೇರದ ಮೇಲಧಿಕಾರಿಗಳನ್ನೆಲ್ಲ ಮಾತನಾಡಿಸುತ್ತಿದ್ದುದು ಹಾಗೆಯೇ.

ಅವನ ಹತ್ತಿರ ಒಂದು ಹಳೆಯ ಪೆಟ್ರೋಲ್ ಕಾರಿತ್ತು, ಪುಟ್ಟದು. ಯಾರ ಕೈಯಿಂದ ಯಾರ ಕೈಗೆ ಹೋಗಿ ಬಂದಿತ್ತೋ, ಸೀಟುಗಳಲ್ಲಿ ಯಾರದೋ ಸಿಗರೇಟಿನ ವಾಸನೆ ಇನ್ನೂ ಉಳಿದಿತ್ತು. ಅದು ಸಾಕಾಗಿತ್ತು, ಮೂವರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತಿತ್ತು. ಆದರೆ ಅಳಿಯನಿಗೊಬ್ಬ ಗೆಳೆಯನಿದ್ದ. ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವವನು, ಎಲ್ಲರೂ ಟರ್ಬೊ ಎಂದೇ ಕರೆಯುತ್ತಿದ್ದರು. ಅವನ ಸ್ವಂತ ಕಾರಿಗೆ ಗಾಳಿಯೊತ್ತುವ ಟರ್ಬೊ ಇರಲಿಲ್ಲ, ಬಾಯಿಗಿತ್ತು. ಎಂಜಿನ್ನಿಗೆ ತಣ್ಣನೆಯ ಗಾಳಿ ಕುಡಿಸಿದರೆ ಕುದುರೆಯಾಗುತ್ತದೆ ಎಂದು ಅವನೇ ಅಳಿಯನ ಕಿವಿಯೂದಿದ್ದು. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ದಟ್ಟ ಗಾಳಿಯಲ್ಲಿ ಪೆಟ್ರೋಲು ಚೆನ್ನಾಗಿ ಉರಿಯುತ್ತದೆ, ಅಷ್ಟು ನಿಜ. ಹಾಗಾಗಿ ಕಂಪನಿಯವರು ಕೊಟ್ಟ ಕರಿ ಪ್ಲಾಸ್ಟಿಕ್ ಗಾಳಿಪೆಟ್ಟಿಗೆಯನ್ನು ಕಿತ್ತು ಹಾಕಬೇಕು, ಅದರ ಜಾಗದಲ್ಲಿ ಒಂದು ದಪ್ಪ ಕೊಳವೆ, ಕೊಳವೆಯ ತುದಿಗೆ ಶಂಕುವಿನಂಥ ಫಿಲ್ಟರ್, ಎಂಜಿನ್ನಿನ ಬಿಸಿ ಆ ಫಿಲ್ಟರಿಗೆ ತಾಗದ ಹಾಗೆ ಮಧ್ಯದಲ್ಲೊಂದು ತಗಡಿನ ಗೋಡೆ. ಫಿಲ್ಟರನ್ನು ಟರ್ಬೊ ತನ್ನ ಅಂಗಡಿಯಿಂದಲೇ ತಂದುಕೊಟ್ಟ. ಕೊಳವೆಯೆಂದು ಅಳಿಯ ಆರಿಸಿಕೊಂಡದ್ದು ಬಚ್ಚಲಿನ ನೀರು ಹೋಗುವ ಬಿಳಿ ಪೈಪನ್ನು. ತಗಡಿನ ಗೋಡೆಯೆಂದರೆ ಮೇಡಂ ಅವರ ಟ್ರೇ.

ಮೇಡಂ ಲೋಟಗಳನ್ನು ಬಟ್ಟೆಯ ಮೇಲೆ ಬೋರಲು ಹಾಕಿ ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರವೇ ಕೂತರು. ಕರೆದು ಕೇಳಬಹುದಿತ್ತು, ಕೇಳಲಿಲ್ಲ. ಪೂರ್ತಿ ನೋಡಿಯೇ ತೀರಬೇಕೆನಿಸಿತು. ಅಳಿಯ ಬಿಳಿ ಪೈಪನ್ನು ಗರಗಸದಲ್ಲಿ ಕೊಯ್ದ, ಅಂಚಿನ ಸಿಬಿರು ತೆಗೆಯಲಿಲ್ಲ. ಆ ಪುಡಿಯೆಲ್ಲ ಎಂಜಿನ್ನಿನ ಹೊಟ್ಟೆಗೇ ಹೋಗಬೇಕು, ಒಳ್ಳೆಯದಾಯಿತು, ಎಂದುಕೊಂಡರು ಮೇಡಂ. ಪೈಪಿಗೆ ತೂತು ಕೊರೆದು ಗಾಳಿಯ ಬಿಸಿ ಅಳೆಯುವ ಸೆನ್ಸರನ್ನು ಹಳೆಯ ಪೆಟ್ಟಿಗೆಯಿಂದ ತೆಗೆದು ಅದಕ್ಕೆ ಸಿಕ್ಕಿಸಿದ. ಸಿಕ್ಕಿಸಿದ ಮೇಲೆ ಸಂದು ಉಳಿಯಿತು, ಅದಕ್ಕೆ ಅಂಟಿನ ಟೇಪು ಸುತ್ತಿದ. ಟ್ರೇಯನ್ನು ಕಾರಿನ ಬಂಪರಿಗೆ ಒತ್ತಿ ಬಗ್ಗಿಸಿದ. ಅದು ಬಗ್ಗಲಿಲ್ಲ, ನೊಂದುಕೊಂಡಿತು. ಕೊನೆಗೆ ಆ ಸುಕ್ಕುಗಟ್ಟಿದ ವಸ್ತುವನ್ನು ಎಂಜಿನ್ನಿಗೂ ಫಿಲ್ಟರಿಗೂ ನಡುವೆ ತುರುಕಿ, ಪ್ಲಾಸ್ಟಿಕ್ ಪಟ್ಟಿಗಳಿಂದ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡು ನೋಡಿದ. ಮುಖದಲ್ಲಿ ಎಂಥ ತೃಪ್ತಿ! ಮೊದಲ ಸಲ ಮಗುವನ್ನು ಎತ್ತಿಕೊಂಡ ಅಪ್ಪನ ಮುಖದಲ್ಲೂ ಅಷ್ಟು ತೃಪ್ತಿ ಇರಲಾರದು.

ಅವನು ಎಂಜಿನ್ ಚಾಲೂ ಮಾಡಿದ. ಗಾಳಿಯೆಳೆಯುವ ಗೊರಗೊರ ಸದ್ದು ಮೇಲಿನವರೆಗೂ ಕೇಳಿತು. ಅವನು ಇಳಿದು ಬಂದು ಬಾನೆಟ್ಟಿನಡಿ ಇಣುಕಿದ. ಟ್ರೇ ಗಡಗಡ ನಡುಗುತ್ತಿತ್ತು. ನಡುಗುತ್ತ ನಡುಗುತ್ತ ಒಂದು ಪಟ್ಟಿ ಸಡಿಲವಾಗಿ, ತಗಡಿನ ಮೂಲೆ ಜಾರಿ ಬ್ಯಾಟರಿಯ ತಂತಿ ಕಟ್ಟುವ ಕಂಬಕ್ಕೆ ತಾಗಿತು. ಚಟ್ಟನೆ ಬೆಳ್ಳನೆಯ ಕಿಡಿ ಹಾರಿತು. ಅಳಿಯ ಹಿಂದಕ್ಕೆ ಹಾರಿ ಕೂತೇಬಿಟ್ಟ. ಮತ್ತೊಂದು ಕಿಡಿ. ತಗಡಿನ ಮೂಲೆ ಕರಗಿ ಹೊಗೆಯೆದ್ದಿತು.

ಮೇಡಂ ಮೆಟ್ಟಿಲಿಳಿದದ್ದು ಅವರಿಗೇ ನೆನಪಿರಲಿಲ್ಲ. ಬಾಗಿಲ ಹಿಂದಿನ ಪೊರಕೆ ಅವರ ಕೈಗೆ ಹೇಗೋ ಬಂದಿತ್ತು. ಅದರ ಮರದ ಹಿಡಿಯಿಂದ ಟ್ರೇಯನ್ನು ಬ್ಯಾಟರಿಯಿಂದ ಆಚೆಗೆ ತಳ್ಳಿ, ಕಾರಿನೊಳಗೆ ಕೈಹಾಕಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರು. ಅಳಿಯ ನೆಲದ ಮೇಲೆ ಕೂತೇ ಇದ್ದ. ಅಂಗೈ ತರಚಿತ್ತು, ಬೇರೇನೂ ಆಗಿರಲಿಲ್ಲ.

"ಬ್ಯಾಟರಿಗೆ ಬೆರಳಗಲದಲ್ಲಿ ಬರೀ ತಗಡು ಕಟ್ಟಿದ್ದೀರಿ," ಎಂದರು ಮೇಡಂ. "ಕಾರು ಸುಡಬೇಕು ಅಂತಿದ್ರೆ ಒಂದು ಬೆಂಕಿಕಡ್ಡಿ ಸಾಕಿತ್ತು. ನನ್ನ ಟ್ರೇ ಯಾಕೆ ಬೇಕಿತ್ತು?"

ಅಳಿಯ ತಪ್ಪಾಯಿತು ಎಂದ. ಅಷ್ಟೇ. ನೆಪ ಹೇಳಲಿಲ್ಲ, ಟರ್ಬೊನ ಮೇಲೆ ಹಾಕಲಿಲ್ಲ. ಮೇಡಂ ಅವರನ್ನು ಇದು ಇನ್ನಷ್ಟು ರೇಗಿಸಿತು. ಜಗಳಕ್ಕೆ ಹಿಡಿ ಸಿಗದ ಮನುಷ್ಯ, ಅವನು ಮಾರುವ ಹಾಸಿಗೆಯ ಹಾಗೇ, ಎಲ್ಲಿ ಗುದ್ದಿದರೂ ತಗ್ಗಿ ಮತ್ತೆ ಮೊದಲಿನಂತಾಗುತ್ತಾನೆ.

ಆ ಕಾರಿಗೆ ಹಳೆಯ ಪೆಟ್ಟಿಗೆಯನ್ನೇ ವಾಪಸ್ ಹಾಕಿ ಎಂದು ಹೇಳಿ ಅವರು ಮೇಲೆ ಹೋಗಬಹುದಿತ್ತು. ಈ ಇಡೀ ಕೆಲಸವೇ ದಂಡ ಎಂದು ಅವರಿಗೆ ಗೊತ್ತಿತ್ತು. ಇಷ್ಟು ಚಿಕ್ಕ ಎಂಜಿನ್ನಿಗೆ ಎಂಥ ಗಾಳಿ ಕುಡಿಸಿದರೂ ಕತ್ತೆ ಕುದುರೆಯಾಗುವುದಿಲ್ಲ. ಆದರೆ ಕಣ್ಣೆದುರಿಗೆ ಆ ಸುಟ್ಟ, ಸುಕ್ಕಾದ, ಹಲ್ಲುಹಲ್ಲಾದ ತಗಡು ಬಿದ್ದಿತ್ತು. ಅದನ್ನು ನೋಡುತ್ತಿದ್ದಂತೆ ಅವರ ಬೆರಳ ತುದಿ ತುರಿಸತೊಡಗಿತು. ಕೆಟ್ಟ ಕೆಲಸವನ್ನು ಹಾಗೆಯೇ ಬಿಟ್ಟು ಹೋಗುವ ಶಕ್ತಿ ಅವರಿಗೆ ಯಾವತ್ತೂ ಇರಲಿಲ್ಲ.

"ರಟ್ಟು ತನ್ನಿ," ಎಂದರು.

ಅಳಿಯ ಹಾಸಿಗೆಯ ಪೆಟ್ಟಿಗೆಯ ದೊಡ್ಡ ರಟ್ಟೊಂದನ್ನು ತಂದ. ಮೇಡಂ ಬಾನೆಟ್ಟಿನಡಿ ಬಗ್ಗಿ, ಫಿಲ್ಟರ್ ಕೂರುವ ಮೂಲೆಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ಇಟ್ಟು ನೋಡಿ, ಮತ್ತೆ ಕತ್ತರಿಸಿ, ಪೈಪು ಹಾದುಹೋಗುವ ಕಡೆ ದುಂಡಗೆ ಕೊರೆದು, ಬ್ಯಾಟರಿಯಿಂದ ಅಂಗೈ ಅಗಲ ದೂರ ಬಿಟ್ಟು ಮಡಿಕೆಯ ಗೆರೆಗಳನ್ನು ಎಳೆದರು. ಅಳಿಯ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ. ಬೆಳಕು ಅಲ್ಲಾಡಿತು.

"ನೆಟ್ಟಗೆ ಹಿಡ್ಕೋ, ಅಲ್ಲಾಡಿಸಬೇಡ," ಎಂದುಬಿಟ್ಟರು. ಮೊದಲ ಸಲ ಏಕವಚನ ಬಂದಿತ್ತು. ಅವರಿಗೆ ಅದು ತಿಳಿಯಲಿಲ್ಲ, ಅಳಿಯನಿಗೆ ತಿಳಿಯಿತು. ಅವನು ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಸ್ವಲ್ಪ ಹೊತ್ತಾದ ಮೇಲೆ ಅವನು ಮೆಲ್ಲಗೆ ಒಂದು ಮಾತು ಕೇಳಿದ. "ಅತ್ತೆ, ಸುತ್ತ ಗೋಡೆ ಕಟ್ಟಿದ ಮೇಲೆ ಒಳಗೆ ಗಾಳಿ ಎಲ್ಲಿಂದ ಬರುತ್ತೆ?"

"ನೀವು ಟಾರ್ಚ್ ನೋಡ್ಕೊಳ್ಳಿ," ಎಂದರು ಮೇಡಂ. ಮತ್ತೆ ಬಹುವಚನ.

ಮಾರನೆಯ ದಿನ ಅವರು ಹಳೆಯ ತರಬೇತಿ ಕೇಂದ್ರಕ್ಕೆ ಹೋದರು. ಈಗ ಅಲ್ಲಿ ತಗಡಿನ ವಿಭಾಗ ನೋಡಿಕೊಳ್ಳುವವನು ಅವರ ಕೈಯಲ್ಲೇ ಕಲಿತವನು, ತಲೆ ನರೆತಿದೆ, ಮೇಡಂ ಒಳಗೆ ಕಾಲಿಟ್ಟ ಕೂಡಲೇ ಈಗಲೂ ಮೇಜಿನ ಮೇಲಿನ ಚಹಾ ಲೋಟವನ್ನು ಅಡಗಿಸಿಟ್ಟ. ಎಣ್ಣೆ ಮತ್ತು ಕಬ್ಬಿಣದ ಪುಡಿಯ ಅದೇ ವಾಸನೆ. ಅವನು ಒಳ್ಳೆಯ ಅಲ್ಯೂಮಿನಿಯಂ ತಗಡಿನ ತುಂಡು ಕೊಟ್ಟ, ತಾನೇ ಮಾಡಿಕೊಡುತ್ತೇನೆಂದ. ಮೇಡಂ ಅವನ ಕಡೆ ನೋಡಿದ ನೋಟಕ್ಕೆ ಅವನು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅವರು ರಟ್ಟನ್ನು ತಗಡಿನ ಮೇಲಿಟ್ಟು ಗೀರೆಳೆದು, ಕತ್ತರಿಸಿ, ಅಂಚುಗಳನ್ನು ಅರದಲ್ಲಿ ಉಜ್ಜಿ, ಬಗ್ಗಿಸುವ ಯಂತ್ರದ ಉದ್ದ ಹಿಡಿಯನ್ನು ಮೈಭಾರ ಹಾಕಿ ಎತ್ತಿದರು. ಮಡಿಕೆ ಸರಕ್ಕನೆ ಬಂತು, ನಿಂತ ನೀರಿನ ಹಾಗೆ ಸಮ. ಅರವತ್ತು ದಾಟಿದ ಭುಜ ನೋಯುತ್ತಿತ್ತು. ಆ ನೋವೂ ಹಿತವಾಗಿತ್ತು.

ಬಿಳಿ ಪೈಪನ್ನು ಅವರು ಒಪ್ಪಲೇ ಇಲ್ಲ. ಸೈಲೆನ್ಸರಿಗೆ ಹೋಗುವ ಬಿಸಿ ಕೊಳವೆಯ ಪಕ್ಕದಲ್ಲಿ ಬಚ್ಚಲ ಪೈಪು ಒಂದು ತಿಂಗಳಲ್ಲಿ ಮೆತ್ತಗಾಗಿ ಜೋತುಬೀಳುತ್ತದೆ ಎಂದು ಹೇಳಿ, ಅಲ್ಯೂಮಿನಿಯಂ ಕೊಳವೆಯನ್ನೇ ತರಿಸಿದರು. ಸೆನ್ಸರಿಗೆ ಸರಿಯಾದ ರಬ್ಬರ್ ಬಳೆ ಹಾಕಿದರು. ಕೀಲುಗಳಿಗೆ ದಪ್ಪ ರಬ್ಬರ್ ಕೊಳವೆ, ಮೇಲೆ ಕ್ಲಾಂಪು. ತಗಡಿನ ಅಂಚಿಗೆಲ್ಲ ರಬ್ಬರ್ ಬೀಡಿಂಗ್ ಸುತ್ತಿದರು. ಶನಿವಾರ ಮಧ್ಯಾಹ್ನ ಬೋಲ್ಟು ಬಿಗಿದು ಮುಗಿಸಿದಾಗ ಆ ತಗಡಿನ ಗೋಡೆ ಕಾರಿನ ಜೊತೆಗೇ ಹುಟ್ಟಿದ ಹಾಗೆ ಕೂತಿತ್ತು. ಎಲ್ಲೂ ಅಲುಗುತ್ತಿರಲಿಲ್ಲ. ಅಂಗಳದಲ್ಲಿ ಬಿಸಿಲು ಅದರ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ಟರ್ಬೊ ಬಂದ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡಿದ್ದ, ಕಣ್ಣಿಗೆ ಹಾಕಿಕೊಂಡದ್ದನ್ನು ಯಾರೂ ನೋಡಿದವರಿಲ್ಲ. ಬಾನೆಟ್ಟಿನಡಿ ನೋಡಿ ಬಾಯಿ ಕಳೆದ. ಅತ್ತೆ ಮಾಡಿದ್ದು ಎಂದು ಅಳಿಯ ಹೆಮ್ಮೆಯಿಂದಲೇ ಹೇಳಿದ. ಟರ್ಬೊ ಒಂದು ಸುತ್ತು ಓಡಿಸಿಕೊಂಡು ಬಂದ. ಕಾರಿಗೆ ಹೊಸ ಜೀವ ಬಂದಿದೆ, ಕಾಲಿಟ್ಟರೆ ಹಾರುತ್ತದೆ, ಏನಿಲ್ಲವೆಂದರೂ ಹತ್ತು ಕುದುರೆ ಹೆಚ್ಚಾಗಿದೆ, ಆಂಟಿ ನೀವೊಂದು ಅಂಗಡಿ ಹಾಕಬೇಕು, ಎಂದ. ಮೂರ್ಖನ ಮೆಚ್ಚುಗೆ ಮೇಡಂ ಅವರ ಮೈಮೇಲೆ ಜಿಡ್ಡಿನ ಹಾಗೆ ಅಂಟಿತು.

"ಹತ್ತು ಕುದುರೆನ ಎಲ್ಲಿ ಎಣಿಸಿದಿ?" ಎಂದು ಕೇಳಿದರು.

ಓಡಿಸುವವನಿಗೆ ಗೊತ್ತಾಗುತ್ತದೆ ಎಂದ ಟರ್ಬೊ. ಬೆನ್ನಿಗೆ ತಿಳಿಯುತ್ತದಂತೆ.

"ಬೆನ್ನು ಅಳತೆಗೋಲಲ್ಲ. ಗಾಳಿ ಎಷ್ಟು ತಣ್ಣಗೆ ಒಳಗೆ ಹೋಗುತ್ತೆ ಅಂತ ಅಳೆಯೋದಕ್ಕೆ ಬರುತ್ತೆ. ಇದರಲ್ಲೂ ಅಳೆಯೋಣ, ಕಂಪನಿ ಪೆಟ್ಟಿಗೇಲೂ ಅಳೆಯೋಣ. ಆಮೇಲೆ ಕುದುರೆ ಬಗ್ಗೆ ಮಾತಾಡು."

ಅವರಿಗೆ ಬೇಕಾಗಿದ್ದು ಇಷ್ಟೇ: ಈ ತಲೆಹರಟೆಯ ಬಾಯಿ ಮುಚ್ಚಿಸುವುದು. ಎರಡಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ತೋರಿಸಿದರೆ ಟರ್ಬೊನ ಕುದುರೆಗಳೆಲ್ಲ ಓಡಿಹೋಗುತ್ತವೆ. ಟರ್ಬೊನ ಹತ್ತಿರವೇ ಸ್ಟೇರಿಂಗಿನ ಕೆಳಗೆ ಸಿಕ್ಕಿಸುವ ಸಣ್ಣದೊಂದು ಉಪಕರಣವಿತ್ತು. ಅದು ಕಾರಿನ ಸೆನ್ಸರು ಹೇಳುವುದನ್ನು ಫೋನಿನಲ್ಲಿ ತೋರಿಸುತ್ತಿತ್ತು. ಅಳಿಯ ಓಡಿಸಿದ, ಟರ್ಬೊ ಪಕ್ಕದಲ್ಲಿ, ಮೇಡಂ ಹಿಂದಿನ ಸೀಟಿನಲ್ಲಿ ಫೋನು ಹಿಡಿದು ಪರೀಕ್ಷಾ ಕೊಠಡಿಯ ಮೇಲ್ವಿಚಾರಕರ ಹಾಗೆ ಕೂತರು. ಮೊದಲು ಸಿಗ್ನಲ್ಲುಗಳಿರುವ ಗಿಜಿಗಿಜಿ ಬೀದಿ, ಆಮೇಲೆ ಊರಾಚೆಯ ಅಗಲ ರಸ್ತೆ. ವಾಪಸ್ ಬಂದು ಹಳೆಯ ಕರಿ ಪೆಟ್ಟಿಗೆ ಹಾಕಿ, ಅದೇ ದಾರಿಯಲ್ಲಿ ಇನ್ನೊಂದು ಸಲ.

ಅಗಲ ರಸ್ತೆಯಲ್ಲಿ ಎರಡೂ ಒಂದೇ. ಅದು ಮೇಡಂ ಹೇಳಿದ ಹಾಗೇ ಆಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಹಾಗಾಗಲಿಲ್ಲ. ಕಂಪನಿಯ ಪೆಟ್ಟಿಗೆಯಲ್ಲಿ ಗಾಳಿ ಹೊರಗಿನದಕ್ಕಿಂತ ಒಂದಿಷ್ಟೇ ಬಿಸಿಯಾಗಿ ನಿಂತುಬಿಡುತ್ತಿತ್ತು. ಮೇಡಂ ಅವರ ಹೊಳೆಯುವ ಗೋಡೆಯೊಳಗೆ ಅದು ಏರುತ್ತ ಏರುತ್ತ ಇಪ್ಪತ್ತು ಡಿಗ್ರಿ ಹೆಚ್ಚಾಗಿ, ಕಾರು ಹೊರಟ ಮೇಲೂ ಇಳಿಯಲು ತಡಮಾಡಿತ್ತು. ಹೆಸರಿಗೆ ತಣ್ಣನೆಯ ಗಾಳಿ, ಎಂಜಿನ್ ಕುಡಿದದ್ದು ಬಿಸಿಯುಸಿರು.

ಅಂಗಳದಲ್ಲಿ ಕಾರು ನಿಂತಿತು. ಯಾರೂ ಇಳಿಯಲಿಲ್ಲ.

"ಹಾಗಾದ್ರೆ ಹಳೇದೇ ವಾಸಿ," ಎಂದ ಅಳಿಯ, ನಾಳೆ ಮಳೆ ಬರಬಹುದು ಎನ್ನುವಷ್ಟು ಸಲೀಸಾಗಿ. "ಅದೇ ಇರಲಿ ಬಿಡಿ ಅತ್ತೆ."

ಮೇಡಂ ಅವರಿಗೆ ಖುಷಿಯಾಗಬೇಕಿತ್ತು. ಇದೇ ಮಾತನ್ನಲ್ಲವೇ ಅವರು ಮೊದಲಿನಿಂದ ಮನಸ್ಸಿನಲ್ಲಿ ಹೇಳಿಕೊಂಡದ್ದು, ಇಡೀ ಕೆಲಸ ದಂಡವೆಂದು? ಆದರೆ ಅವರ ಬಾಯಿಂದ ಬೇರೆ ಮಾತು ಬಂತು. ಬಾನೆಟ್ಟಿಗೂ ತಗಡಿಗೂ ಮಧ್ಯೆ ಸಂದು ಉಳಿದಿತ್ತು ಎಂದರು. ಎರಡನೆಯ ಸಲ ಹೋಗುವಾಗ ಬಿಸಿಲು ಇಳಿದಿತ್ತು ಎಂದರು. ಸೆನ್ಸರು ಬಿಸಿ ಕೊಳವೆಗೆ ಹತ್ತಿರವಾಗಿದ್ದಿರಬೇಕು, ಒಂದೇ ಸಲ ಅಳೆದದ್ದು ಅಳತೆಯೇ ಅಲ್ಲ ಎಂದರು. ಹೇಳುತ್ತ ಹೇಳುತ್ತ ದನಿ ಏರಿತು.

"ಕರೆಕ್ಟ್ ಆಂಟಿ," ಎಂದ ಟರ್ಬೊ ಹಿಂದೆ ತಿರುಗಿ. "ನಾನೂ ಅದನ್ನೇ ಹೇಳೋಣ ಅಂತಿದ್ದೆ. ಬೆನ್ನಿಗೆ ಗೊತ್ತಾಗುತ್ತೆ."

ಮೇಡಂ ಕಾರಿನ ಬಾಗಿಲು ತೆಗೆದು, ಇಳಿದು, ಮೆಟ್ಟಿಲು ಹತ್ತಿದರು. ಜೀವಮಾನದಲ್ಲಿ ಯಾವ ಮೂರ್ಖನ ಪಕ್ಕದಲ್ಲೂ ನಿಲ್ಲದೆ ಬದುಕಿದವರು, ಈಗ ಟರ್ಬೊನ ಜೊತೆ ಒಂದೇ ಬೆಂಚಿನಲ್ಲಿ ಕೂತಂತಾಗಿತ್ತು.

ಅಡುಗೆಮನೆಯಲ್ಲಿ ನೀರು ಕುಡಿಯುವಾಗ ಇನ್ನೊಂದು ಸಂಗತಿ ಅವರಿಗೆ ಹೊಳೆಯಿತು. ಗಾಳಿ ಎಲ್ಲಿಂದ ಬರುತ್ತೆ ಎಂದು ಅಳಿಯ ಕೇಳಿದ್ದ. ಕಂಪನಿಯ ಪೆಟ್ಟಿಗೆಗೆ ಒಂದು ಮೂತಿಯಿತ್ತು, ಅದು ಹೆಡ್‌ಲೈಟಿನ ಹಿಂದಿನಿಂದ ಹೊರಗಿನ ಗಾಳಿಯನ್ನು ನೇರವಾಗಿ ಎಳೆಯುತ್ತಿತ್ತು. ಇವರು ಆ ಮೂತಿಯನ್ನು ಕಿತ್ತುಹಾಕಿ, ಸುತ್ತ ಅಂದವಾಗಿ ಗೋಡೆ ಕಟ್ಟಿ, ಗಾಳಿಗೆ ದಾರಿಯನ್ನೇ ಬಿಟ್ಟಿರಲಿಲ್ಲ. ಮೇಲಿನ ಸಂದಿನಿಂದ ಎಂಜಿನ್ನಿನ ಬಿಸಿಯೇ ಒಳಗೆ ನುಗ್ಗುತ್ತಿತ್ತು. ಮಡಿಕೆ ಸಮ ಬಂದಿತೇ ಎಂದು ನೋಡಿದವರು, ಆ ಮಡಿಕೆ ಯಾತಕ್ಕೆ ಎಂದು ನೋಡಿರಲಿಲ್ಲ. ಮಲಗಿ ಸಂಬಳ ತೆಗೆದುಕೊಳ್ಳುವವನು ನೋಡಿದ್ದ. ನೋಡಿ, ಕೇಳಿ, ಬಾಯಿ ಮುಚ್ಚಿಸಿಕೊಂಡಿದ್ದ. ಈಗ ಕಾರಿನಲ್ಲಿ ಕೂತು 'ನಾನು ಅವತ್ತೇ ಕೇಳಿದ್ದೆ' ಎನ್ನಬಹುದಿತ್ತು. ಅನ್ನಲಿಲ್ಲ. ಆ ಒಳ್ಳೆಯತನವನ್ನು ಕಂಡರೆ ಅವರಿಗೆ ಮೈಯುರಿಯಿತು. ಮರೆತೇಬಿಟ್ಟಿದ್ದಾನೋ ಏನೋ, ಅಷ್ಟು ಬುದ್ಧಿ ಅವನಿಗೆಲ್ಲಿಯದು, ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದರು. ಸಮಾಧಾನವಾಗಲಿಲ್ಲ.

ಮಗಳು ಕೆಲಸದಿಂದ ಬಂದಾಗ ಮೇಡಂ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು. ನಡೆದದ್ದನ್ನು ಗಂಡನಿಂದ ಕೇಳಿಕೊಂಡೇ ಅವಳು ಮೇಲೆ ಬಂದಿದ್ದಳು. ಮೇಡಂ ಅವಳ ಮುಂದೆ ಅವನ ಕೈಗುಣವನ್ನೆಲ್ಲ ಬಿಡಿಸಿಟ್ಟರು: ಬಚ್ಚಲ ಪೈಪು, ಅಂಟಿನ ಟೇಪು, ಬ್ಯಾಟರಿಯ ಕಿಡಿ. ಮಗಳು ಚಪ್ಪಲಿಯನ್ನೂ ಬಿಡದೆ ನಿಂತು ಕೇಳಿದಳು. ಅವಳು ದನಿಯೆತ್ತುವವಳಲ್ಲ.

"ಅಪ್ಪ ಒಂದು ಸಲ ಪುಸ್ತಕದ ಶೆಲ್ಫ್ ಮಾಡಿದ್ರು, ನೆನಪಿದೆಯಾ ಅಮ್ಮ?" ಎಂದಳು.

ಮೇಡಂ ಇನ್ನೊಂದು ಲೋಟ ಎತ್ತಿಕೊಂಡು ಉಜ್ಜಿದರು.

"ನೀನು ಅದನ್ನ ಬಿಚ್ಚಿ ಮತ್ತೆ ಮಾಡ್ದೆ. ತುಂಬ ಚೆನ್ನಾಗಿ ಮಾಡ್ದೆ. ಆಮೇಲೆ ಅಪ್ಪ ಏನೂ ಮಾಡಲಿಲ್ಲ. ಕೊನೆಕೊನೆಗೆ ಒಂದು ಮೊಳೆ ಹೊಡೆಯೋದಕ್ಕೂ ನಿನ್ನನ್ನೇ ಕರೀತಿದ್ರು." ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚಿದಳು. "ಇವರು ಇನ್ನೂ ಮೊಳೆ ಹೊಡೀತಿದ್ದಾರೆ. ಎಷ್ಟು ದಿನವೋ ಗೊತ್ತಿಲ್ಲ."

ಅಷ್ಟು ಹೇಳಿ ಅವಳು ಕೈತೊಳೆಯಲು ಹೋದಳು. ಮೇಡಂ ನಲ್ಲಿ ನಿಲ್ಲಿಸಿದರು. ಗಂಡನಿಗೆ ಮರಗೆಲಸ ಬರುತ್ತಿರಲಿಲ್ಲ, ಅದು ಸತ್ಯ. ಆ ಶೆಲ್ಫು ಎಡಕ್ಕೆ ವಾಲುತ್ತಿತ್ತು, ಅದೂ ಸತ್ಯ. ಸರಿಮಾಡಿದ ದಿನ ಅವರೆಂದೂ ಒಂದು ಕೆಟ್ಟ ಮಾತಾಡಿರಲಿಲ್ಲ. ಹಲಗೆಗಳನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಿದ್ದರು, ಅಷ್ಟೇ. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಆಮೇಲೆ ಪೇಪರು ತೆಗೆದುಕೊಂಡು ಒಳಗೆ ಹೋಗಿದ್ದರು. ಅದನ್ನು ಅವರು ಇಷ್ಟು ವರ್ಷ ಸೋಮಾರಿತನವೆಂದೇ ಲೆಕ್ಕ ಹಾಕಿದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ಅಳಿಯ ಅಂಗಳದಲ್ಲಿ ಕಾರು ಒರೆಸುತ್ತಿದ್ದಾಗ ಮೇಡಂ ಉಳಿದ ತಗಡಿನ ತುಂಡು, ಕತ್ತರಿ, ಅರ, ಒಂದು ಹಾಳೆ ರಟ್ಟು ಹಿಡಿದು ಇಳಿದು ಬಂದರು. ಅವನು ಎದ್ದು ನಿಂತ. ಟಾರ್ಚು ತರಲೇ ಎಂದು ಕೇಳಿದ.

"ಟಾರ್ಚು ನಾನು ಹಿಡೀತೀನಿ," ಎಂದರು. ರಟ್ಟನ್ನು ಬಾನೆಟ್ಟಿನ ಮೇಲಿಟ್ಟರು. "ಗಾಳಿ ಎಲ್ಲಿಂದ ಬರುತ್ತೆ ಅಂತ ಕೇಳಿದ್ರಲ್ಲ. ಎಲ್ಲಿಂದಾನೂ ಬರ್ತಿರಲಿಲ್ಲ. ನಾನು ದಾರಿ ಬಿಟ್ಟಿರಲಿಲ್ಲ."

ಅಳಿಯ ಒದ್ದೆ ಬಟ್ಟೆಯನ್ನು ಹಿಂಡುತ್ತ ನಿಂತ. ನನಗೂ ಸುಮ್ಮನೆ ಹೊಳೆದದ್ದು ಅತ್ತೆ, ಗೊತ್ತಿದ್ದು ಕೇಳಿದ್ದಲ್ಲ, ಎಂದ. ಗೆದ್ದವನ ಹಾಗೆ ಒಂದು ಕ್ಷಣವಾದರೂ ಎದೆಯುಬ್ಬಿಸಬಾರದೇ ಎಂದು ಅವರಿಗೆ ಮತ್ತೆ ತಾತ್ಸಾರ ಬಂತು. ಗೆಲ್ಲುವುದಕ್ಕೂ ಬಾರದ ಪ್ರಾಣಿ.

ಹೆಡ್‌ಲೈಟಿನ ಹಿಂದಿನ ತೂತಿನಿಂದ ಫಿಲ್ಟರಿನ ಗೂಡಿನವರೆಗೆ ಒಂದು ತಗಡಿನ ನಾಳ ಬೇಕಿತ್ತು, ಬಾನೆಟ್ಟು ಮುಚ್ಚಿದಾಗ ಮೇಲೆ ಒತ್ತಿಕೊಳ್ಳುವ ಹಾಗೆ ದಪ್ಪ ರಬ್ಬರಿನ ತುಟಿ ಬೇಕಿತ್ತು. ಕರಿ ಪೆಟ್ಟಿಗೆ ಬಿಚ್ಚಿ ಮೇಡಂ ಅವರ ಗೋಡೆಯನ್ನೂ ಫಿಲ್ಟರನ್ನೂ ಮತ್ತೆ ಕೂರಿಸಿದ್ದಾಯಿತು. ರಟ್ಟಿನಲ್ಲಿ ಅಳತೆ ತೆಗೆಯುವುದನ್ನು ಮೇಡಂ ಬಾಯಲ್ಲಿ ಹೇಳಿದರು, ಅವನು ಮಾಡಿದ. ರಟ್ಟು ಕಡಿಮೆಯಾಯಿತು, ಇನ್ನೊಂದು ತಂದ. ಆಮೇಲೆ ಕತ್ತರಿ ಅವನ ಕೈಗೆ ಹೋಯಿತು.

ಆ ಒಂದು ಗಂಟೆ ಮೇಡಂ ಪಟ್ಟ ಪಾಡು ಹೇಳತೀರದು. ಅವನು ಕತ್ತರಿಯ ಬಾಯನ್ನು ಪೂರ್ತಿ ಮುಚ್ಚುತ್ತಿದ್ದ, ಹಾಗೆ ಮುಚ್ಚಿದಲ್ಲೆಲ್ಲ ತಗಡಿನಂಚಿನಲ್ಲಿ ಒಂದೊಂದು ಹಲ್ಲು ಏಳುತ್ತಿತ್ತು. ಮುಚ್ಚಬೇಡಿ, ಅರ್ಧಕ್ಕೇ ಬಿಟ್ಟು ಮುಂದೆ ತಳ್ಳಿ, ಎಂದು ಹೇಳಿದರು. ಮೂರು ಸಲ ಸರಿಯಾಗಿ ಮಾಡಿ ನಾಲ್ಕನೆಯ ಸಲ ಮರೆತ. ಗೆರೆ ಇದ್ದದ್ದು ಒಂದು ಕಡೆ, ಕತ್ತರಿ ಹೋದದ್ದು ಇನ್ನೊಂದು ಕಡೆ. ಅರ ಹಿಡಿದಾಗ ಹಿಂದಕ್ಕೂ ಮುಂದಕ್ಕೂ ಉಜ್ಜಿದ, ಹಲ್ಲುಜ್ಜುವ ಹಾಗೆ. ಅವರ ಬಲಗೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಅದನ್ನು ಎಡಗೈಯಲ್ಲಿ ಹಿಡಿದು ಬೆನ್ನ ಹಿಂದೆ ಕಟ್ಟಿಕೊಂಡರು. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಇಂಥ ಕೈಗೆ ತಗಡು ಕೊಡುವುದೇ ಪಾಪ ಎನಿಸಿತು. ಆ ತುಂಡನ್ನು ಎತ್ತಿ ಗುಜರಿಗೆ ಹಾಕಿ ಮುಂದಿನ ಮೇಜಿಗೆ ಹೋಗಲು ಅಲ್ಲಿ ಮುಂದಿನ ಮೇಜೂ ಇರಲಿಲ್ಲ.

ಮಡಿಕೆಯನ್ನು ಅವನು ಎರಡು ಮರದ ಪಟ್ಟಿಗಳ ನಡುವೆ ತಗಡು ಸಿಕ್ಕಿಸಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಬಗ್ಗಿಸಿದ. ಅದು ಮೇಡಂ ಹೇಳಿಕೊಟ್ಟ ವಿಧಾನ. ಬಂದ ಮಡಿಕೆ ಒಂದು ತುದಿಯಲ್ಲಿ ಚೂಪು, ಇನ್ನೊಂದು ತುದಿಯಲ್ಲಿ ದುಂಡು. ಅವನು ತಲೆಯೆತ್ತಿ ಅವರ ಮುಖ ನೋಡಿದ.

"ಬಿಚ್ಚಿ ಬೇರೆ ಮಾಡಲಾ?" ಎಂದು ಕೇಳಿದ.

ಮೇಡಂ ತಗಡನ್ನು ನೋಡಿದರು. ಗೂಡಿಗೆ ಒಪ್ಪುತ್ತದೆಯೇ? ಒಪ್ಪುತ್ತದೆ. ಗಾಳಿ ಸೋರುತ್ತದೆಯೇ? ರಬ್ಬರು ಸುತ್ತಿದರೆ ಸೋರುವುದಿಲ್ಲ. ಬ್ಯಾಟರಿಗೆ ತಾಗುತ್ತದೆಯೇ? ಇಲ್ಲ.

"ಕೆಟ್ಟದಾಗಿದೆ," ಎಂದರು. "ಆದರೆ ಕೆಲಸ ಮಾಡುತ್ತೆ. ಹಾಕಿ."

ಅವನು ಹಾಕಿದ. ಬೋಲ್ಟು ಬಿಗಿಯುವಾಗ ಒಂದನ್ನು ವಾರೆಯಾಗಿ ಹತ್ತಿಸಿದ. ಮೇಡಂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನಿಗೇ ತಿಳಿದು, ಬಿಚ್ಚಿ, ಸರಿಯಾಗಿ ಹತ್ತಿಸಿದ. ಅವರು ತೆರೆದ ಬಾಯನ್ನು ಮುಚ್ಚಿಕೊಂಡರು.

ಅಳೆಯಲು ಹೊರಟಾಗ ಟರ್ಬೊನನ್ನು ಕರೆಯಲಿಲ್ಲ, ಅವನ ಉಪಕರಣವನ್ನು ಮಾತ್ರ ತರಿಸಿಕೊಂಡರು. ಈ ಸಲ ಮೇಡಂ ಮುಂದಿನ ಸೀಟಿನಲ್ಲಿ ಕೂತರು. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಫೋನಿನಲ್ಲಿ ಅಂಕಿ ಒಂದೊಂದಾಗಿ ಏರಿ, ಹಿಂದಿನ ಸಲ ಕಂಪನಿಯ ಪೆಟ್ಟಿಗೆ ನಿಂತಲ್ಲಿಗೇ ಬಂದು ನಿಂತಿತು. ಮುಂದಿನ ಸಿಗ್ನಲ್ಲಿನಲ್ಲೂ ಅಷ್ಟೇ, ಅಗಲ ರಸ್ತೆಯಲ್ಲೂ ಅಷ್ಟೇ. ಒಂದು ಡಿಗ್ರಿ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

"ಇಷ್ಟೆಲ್ಲ ಮೈ ನೋಯಿಸಿಕೊಂಡು, ಕಂಪನಿಯವರು ಮೊದಲೇ ಕೊಟ್ಟಿದ್ದಷ್ಟನ್ನೇ ಮಾಡಿದ ಹಾಗಾಯ್ತು," ಎಂದರು ಮೇಡಂ.

"ಆದರೆ ಇದು ನಾವು ಮಾಡಿದ್ದಲ್ವಾ ಅತ್ತೆ," ಎಂದ ಅಳಿಯ, ರಸ್ತೆಯಿಂದ ಕಣ್ಣು ತೆಗೆಯದೆ, ಮುಖವಿಡೀ ಅರಳಿಸಿಕೊಂಡು.

ಎಂಥ ದಡ್ಡ ಮಾತು ಎಂದುಕೊಂಡರು ಮೇಡಂ. ಕಾರಿಗೆ ಯಾರು ಮಾಡಿದರೇನು? ಆದರೂ ಅದನ್ನು ಬಾಯಿಬಿಟ್ಟು ಹೇಳಲು ಯಾಕೋ ಆಗಲಿಲ್ಲ. ಕಿಟಕಿಯ ಗಾಜು ಇಳಿಸಿ ಹೊರಗೆ ನೋಡುತ್ತ ಕೂತರು.

ಆ ತಗಡು ಈಗಲೂ ಆ ಕಾರಿನಲ್ಲಿದೆ. ಎಣ್ಣೆ ನೋಡಲೆಂದು ಅಳಿಯ ಬಾನೆಟ್ ಎತ್ತಿದಾಗಲೆಲ್ಲ ಮೇಡಂ ಹೋಗಿ ಪಕ್ಕದಲ್ಲಿ ನಿಲ್ಲುತ್ತಾರೆ. ತಾವು ಬಗ್ಗಿಸಿದ ಕನ್ನಡಿಯಂಥ ಗೋಡೆಯ ಕಡೆ ಅವರ ಕಣ್ಣು ಹೋಗುವುದಿಲ್ಲ. ಅದಕ್ಕೆ ಅಂಟಿಕೊಂಡ ಆ ಸೊಟ್ಟ ನಾಳವನ್ನೇ, ಒಂದು ತುದಿ ಚೂಪಾಗಿ ಇನ್ನೊಂದು ದುಂಡಾದ ಆ ಮಡಿಕೆಯನ್ನೇ ನೋಡುತ್ತಾರೆ. ನೋಡಿದಷ್ಟು ಸಲವೂ ಅವರ ತುಟಿ ಕೊಂಕುತ್ತದೆ. ಇದಕ್ಕಿಂತ ಕೆಟ್ಟ ಮಡಿಕೆಯನ್ನು ನಾನು ಕಂಡಿಲ್ಲ ಎನ್ನುತ್ತಾರೆ. ಹೌದು ಅತ್ತೆ ಎನ್ನುತ್ತಾನೆ ಅವನು, ಎಣ್ಣೆಯ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸುತ್ತ.